ಹದಿನಾಲ್ಕನೆಯ ಅಂಶ

ಶುಕ್ರವಾರದ ನಮಾಜು ಮುಗಿಸಿ ಹೊರಗೆ ಬಂದು ಚಪ್ಪಲಿ ಹುಡುಕುತ್ತಿರುವಾಗ, ಇಷ್ಟು ಹೊತ್ತು ದೇವರ ಮುಂದೆ ನಿಂತೂ ತಾನು ಒಂದು ಗಳಿಗೆ ದೇವರನ್ನು ನೆನೆಯಲಿಲ್ಲವಲ್ಲ ಎಂಬುದು ಸರ್ದಾರ್ ಪಾಷಾನಿಗೆ ಹೊಳೆದು ಕಿವಿ ಬಿಸಿಯಾಯಿತು. ಹಣೆ ನೆಲಕ್ಕೆ ಮುಟ್ಟಿದಾಗಲೂ ತಲೆಯೊಳಗೆ ಓಡುತ್ತಿದ್ದದ್ದು ವಾಟ್ಸಾಪಿನ ಜಗಳದಲ್ಲಿ ಕೆ.ಆರ್. ನಗರದ ರುದ್ರಸ್ವಾಮಿಗೆ ಕೊಡಬೇಕಾದ ಉತ್ತರ. ಹದಿನಾಲ್ಕು ಅಂಶಗಳನ್ನು ಆಗಲೇ ಕೊಟ್ಟಾಗಿತ್ತು. ಹದಿನೈದನೆಯದು ಇವತ್ತು ಇಮಾಮರು ಸಲಾಮು ಹೇಳಿ ಮುಗಿಸುವ ಮೊದಲೇ ಸಿಕ್ಕಿಬಿಟ್ಟಿತ್ತು. ಸಿಕ್ಕ ಸಂತೋಷ ಒಂದು ಕ್ಷಣ ಇತ್ತೋ ಇಲ್ಲವೋ, ಅದರ ಬೆನ್ನಿಗೇ ಕರೆಯದೆ ಬಂದ ನೆಂಟನ ಹಾಗೆ ತನ್ನ ಕೆಲಸಗಾರ ಮಂಟಯ್ಯನ ಮುಖ ಬಂದು ಕೂತಿತು. ಸೋಮವಾರದಿಂದ ಹೀಗೇ. ಊಟಕ್ಕೆ ಕೂತರೆ ಬರುತ್ತದೆ, ಸ್ಕೂಟರ್ ಹತ್ತಿದರೆ ಬರುತ್ತದೆ, ಬಂದು ಏನನ್ನೂ ಹೇಳದೆ ಹೋಗುತ್ತದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೂರು ಗಂಟೆಗೆ ರುದ್ರಸ್ವಾಮಿ ತೀರ್ಪುಗಾರರನ್ನು ಕರೆದುಕೊಂಡು ಪಾಷಾನ ಮರಗೆಲಸದ ಕಾರ್ಖಾನೆಗೆ ಬರುವವನಿದ್ದ. ಆ ತೀರ್ಪುಗಾರರು ಸಾಲಿಗ್ರಾಮದ ಹತ್ತಿರದ ಹಳ್ಳಿಯ ಕರಿಯಪ್ಪನವರು. ಸೋಮವಾರ ಪಾಷಾನ ಕಾರ್ಖಾನೆಯಲ್ಲಿ ಕೆಟ್ಟುಹೋದ ಬಾಗಿಲು ಅವರ ಹೊಸ ಮನೆಯದು. ಪಾಷಾ ಎರಡೂ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ನಾಲ್ಕು ಹೆಜ್ಜೆ ಹೋದಮೇಲೆ, ಎಡಗಾಲಿನದು ತನ್ನದಲ್ಲವೆಂದು ತಿಳಿದು ವಾಪಸು ಬಂದ.

ಜಗಳ ಏನೆಂದು ಹುಣಸೂರಿನಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಒಂದಿದೆ. ಆಟ ಎಂದರೆ ಪಾಷಾನಿಗೆ ಸಿಟ್ಟು, ಅದು ಸಿಮ್ಯುಲೇಟರ್. ವಾರ್ಡ್‌ರೋಬಿನ ನಕ್ಷೆ ಬರೆಯಲೆಂದು ಆರು ವರ್ಷದ ಹಿಂದೆ ಕಂಪ್ಯೂಟರ್ ತಂದಾಗ ಅಂಗಡಿಯವನು ಪುಕ್ಕಟೆ ಹಾಕಿಕೊಟ್ಟಿದ್ದ. ಈಗ ವಾರ್ಡ್‌ರೋಬಿನ ನಕ್ಷೆಯನ್ನು ಪಾಷಾ ಅಪ್ಪನ ಕಾಲದ ಹಾಗೆ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾನೆ, ಕಂಪ್ಯೂಟರಿಗೆ ಬಿಡುವಿಲ್ಲ. ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಸಿಲ್ವರ್ ಓಕಿನಲ್ಲಿ ಒಂದು ಕಾಕ್‌ಪಿಟ್ ಎದ್ದು ನಿಂತಿದೆ. ಅದರ ಹಿಡಿಕೆಗಳನ್ನೆಲ್ಲ ಮಂಟಯ್ಯನೇ ಕಡೆದು ಕೊಟ್ಟವನು. ಚಕ್ರ ಇಳಿಸುವ ಹಿಡಿಕೆಗೆ ಆಗಿರುವ ಪಾಲಿಶ್ ತನ್ನ ಅಡುಗೆಮನೆಯ ಕಪಾಟಿಗೆ ಇಪ್ಪತ್ತೈದು ವರ್ಷದಲ್ಲಿ ಆಗಿಲ್ಲ ಎಂದು ಹೆಂಡತಿ ಖುರ್ಷೀದಾ ಬಂದವರಿಗೆಲ್ಲ ಹೇಳುತ್ತಾಳೆ. ವಿಮಾನ ಎಂದಮೇಲೆ ಏರು, ಇಳಿ, ಕಾಯಿ ಎಂದು ನೆಲದಿಂದ ರೇಡಿಯೋದಲ್ಲಿ ಹೇಳುವ ಒಬ್ಬ ಕಂಟ್ರೋಲರ್ ಬೇಕು. ಸಿಮ್ಯುಲೇಟರಿನ ಜೊತೆಗೆ ಬರುವ ಕಂಟ್ರೋಲರ್ ಪೆದ್ದ. ಎದುರಿಗೆ ಗುಡ್ಡವಿದ್ದರೂ ಇಳಿ ಎನ್ನುತ್ತಾನೆ. ಆದ್ದರಿಂದ ಒಳ್ಳೆಯ ಕಂಟ್ರೋಲರುಗಳನ್ನು ಆಡ್-ಆನ್ ಎಂದು ಬೇರೆಯಾಗಿ ಮಾರುತ್ತಾರೆ. ಅಂಥವು ಎರಡು, ರೋಜರ್‌ಡೆಸ್ಕ್ ಮತ್ತು ಸ್ಕೈಸಾಥಿ. ಇವೆರಡರಲ್ಲಿ ಯಾವುದು ಮೇಲು ಎಂಬುದಕ್ಕೆ ‘ಕಬಿನಿ ವರ್ಚುವಲ್ ಏರ್‌ವೇಸ್’ ಎಂಬ ವಾಟ್ಸಾಪ್ ಗುಂಪು ಮೂರು ತಿಂಗಳಿನಿಂದ ಎರಡು ಹೋಳಾಗಿತ್ತು.

ಗುಂಪಿನಲ್ಲಿ ನೂರಾ ನಲವತ್ತು ಪೈಲಟ್ಟುಗಳು. ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಯ ಗುಮಾಸ್ತ, ರಾವಂದೂರಿನ ಮೆಡಿಕಲ್ ಸ್ಟೋರಿನವನು, ಅಂತರಸಂತೆಯ ಹೋಂಸ್ಟೇ ಮ್ಯಾನೇಜರು. ಹೆಚ್ಚಿನವರು ವಿಮಾನವನ್ನು ತಲೆಯ ಮೇಲೆ ಹೋಗುವಾಗ ಮಾತ್ರ ಕಂಡವರು. ಆದರೆ ಒಬ್ಬರನ್ನೊಬ್ಬರು ಕ್ಯಾಪ್ಟನ್ ಎಂದೇ ಕರೆಯುತ್ತಾರೆ, ಯಾರಾದರೂ ತಮಾಷೆಗೆ ‘ಡ್ರೈವರ್’ ಎಂದರೆ ಅಡ್ಮಿನ್ ಅವನನ್ನು ಒಂದು ವಾರ ಹೊರಗಿಡುತ್ತಾನೆ. ಪಾಷಾ ಇಲ್ಲಿ ಚೀಫ್ ಪೈಲಟ್, ತರಬೇತಿ ವಿಭಾಗ. ಅವನು ನಿಜವಾದ ವಿಮಾನವನ್ನು ಹತ್ತಿದವನು, ಒಂದು ಸಲ, ಮೆಕ್ಕಾಗೆ ಉಮ್ರಾ ಯಾತ್ರೆ ಹೋದಾಗ. ಕಿಟಕಿಯ ಪಕ್ಕ ಕೂತು, ನೆಲದಿಂದ ಈಗ ಏನು ಹೇಳುತ್ತಿರಬಹುದೆಂದು ಊಹಿಸಿಕೊಂಡು, ಪೈಲಟ್ ಕೊಡಬೇಕಾದ ಉತ್ತರಗಳನ್ನು ತುಟಿಯಲ್ಲೇ ಪಿಸುಗುಡುತ್ತಿದ್ದಾಗ ಪಕ್ಕದ ಮುದುಕರು ಇವನ ಮಂಡಿ ತಟ್ಟಿ, ಹೆದರಬೇಡಪ್ಪ, ಮೊದಲ ಸಲ ಎಲ್ಲರಿಗೂ ಹೀಗೇ ಎಂದು ಒಂದು ಬಿಸ್ಕತ್ತು ಕೊಟ್ಟಿದ್ದರು. ಆ ಬಿಸ್ಕತ್ತನ್ನು ಇಡಿಯಾಗಿ ತಿಂದದ್ದು, ಶುಕ್ರಿಯಾ ಎಂದದ್ದು ಈಗಲೂ ನೆನಪಾಗಿ ಪಾಷಾ ಹಲ್ಲು ಕಚ್ಚುತ್ತಾನೆ. ಗುಂಪಿನಲ್ಲಿ ಇದನ್ನು ಅವನು ಯಾರಿಗೂ ಹೇಳಿಲ್ಲ.

ರೋಜರ್‌ಡೆಸ್ಕ್ ಹಳೆಯದು. ತಗಡಿನ ದನಿ, ಬರೆದುಕೊಟ್ಟ ಮಾತು ಬಿಟ್ಟರೆ ಇನ್ನೊಂದು ಬಾರದು, ನಗುವುದಿಲ್ಲ. ಆದರೆ ತಾನು ಹೇಳಿದ್ದನ್ನು ಪೈಲಟ್ ಅಕ್ಷರ ಬಿಡದೆ ತಿರುಗಿ ಹೇಳುವ ತನಕ ಅದು ಅವನನ್ನು ಬಿಡುವುದಿಲ್ಲ. ಸ್ಕೈಸಾಥಿ ಹೊಸದು, ಕೃತಕ ಬುದ್ಧಿಯದು. ಹೇಗೆ ಮಾತಾಡಿದರೂ ಅರ್ಥ ಮಾಡಿಕೊಳ್ಳುತ್ತದೆ, ಇಂದು ಮೋಡ ಜಾಸ್ತಿ ಅಲ್ಲವೇ ಕ್ಯಾಪ್ಟನ್ ಎಂದು ಕುಶಲ ಕೇಳುತ್ತದೆ. ಅದರ ಪರವಾಗಿ ರುದ್ರಸ್ವಾಮಿ ನಿಂತಿದ್ದ, ಪಿ.ಯು. ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕ, ತನಗೆ ಗೊತ್ತಿಲ್ಲದ ವಿಷಯಕ್ಕೂ ಸೂತ್ರ ಬರೆದು ತೋರಿಸುವವನು. ಮನುಷ್ಯನ ಹಾಗೆ ಮಾತಾಡುವುದೇ ಗುಣಮಟ್ಟ ಎಂಬುದು ಅವನ ವಾದ. ಪಾಷಾ ಒಂದೊಂದಾಗಿ ಹದಿನಾಲ್ಕು ಅಂಶ ಹಾಕಿದ. ಹದಿನಾಲ್ಕನೆಯದನ್ನು ಜನ ಬೇರೆ ಗುಂಪುಗಳಿಗೂ ಕಳಿಸಿದ್ದರು: ‘ಪೈಲಟ್ ತಪ್ಪಾಗಿ ತಿರುಗಿ ಹೇಳಿದಾಗ ಅದನ್ನು ಹಿಡಿಯದೆ ಸರಿ ಎನ್ನುವವನು ಕಂಟ್ರೋಲರೇ ಅಲ್ಲ. ಅಂಥವನ ಕೈಯಲ್ಲಿ ಆಗುವ ಅನಾಹುತಕ್ಕೆ ಅವನೊಬ್ಬನೇ ಹೊಣೆ, ಪೈಲಟ್ ಅಲ್ಲ. ಸ್ಕೈಸಾಥಿ ಹತ್ತಕ್ಕೆ ಏಳು ಸಲ ಹೀಗೆ ಮಾಡುತ್ತದೆ.’ ಅದನ್ನು ಬರೆದದ್ದು ಸೋಮವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ. ಹೊತ್ತು ಅಷ್ಟು ಖಚಿತವಾಗಿ ಫೋನಿನಲ್ಲಿ ಉಳಿದುಕೊಂಡಿರುವುದೇ ಈಗ ಕಷ್ಟವಾಗಿತ್ತು.

ಅಪ್ಪನ ಕಾಲದಿಂದ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಉಸ್ತಾದ್, ಅಂದರೆ ಯಜಮಾನ, ಅಳತೆ ಕೂಗುತ್ತಾನೆ. ಗರಗಸದ ಮುಂದೆ ನಿಂತವನು ಅದನ್ನು ಪೂರಾ ತಿರುಗಿ ಕೂಗುತ್ತಾನೆ. ಉಸ್ತಾದ್ ಹ್ಞೂ ಅಂದಮೇಲೆಯೇ ಗರಗಸ ಮರಕ್ಕೆ ತಾಗಬೇಕು. ಹ್ಞೂ ಎನ್ನುವುದಕ್ಕೆ ಮೊದಲು ಯಾರಾದರೂ ಕುಯ್ದರೆ ಅಪ್ಪ ಮರದ ರೀಪಿನಲ್ಲಿ ಬಾರಿಸುತ್ತಿದ್ದರು, ಮಗ ಅಂತಲೂ ನೋಡುತ್ತಿರಲಿಲ್ಲ. ಸೋಮವಾರ ಮೇಜಿನ ಮೇಲಿದ್ದದ್ದು ಕರಿಯಪ್ಪನವರ ತಂದೆ ಬದುವಿನಲ್ಲಿ ನೆಟ್ಟಿದ್ದ ತೇಗ. ಅರಣ್ಯ ಇಲಾಖೆಗೆ ಎಂಟು ಸಲ ಅಲೆದು ಪರವಾನಗಿ ತಂದು ಕಡಿಸಿದ್ದು, ಮನೆಯ ಹೆಬ್ಬಾಗಿಲಿಗೆಂದು. ಚೌಕಟ್ ಬುಟ್ಟು ಎಂಬತ್ನಾಕಿಂಚು, ಎಂದು ಪಾಷಾ ಕೂಗಿದ. ಅಂದರೆ ಚೌಕಟ್ಟಿನ ಮರದ ದಪ್ಪವನ್ನು ಲೆಕ್ಕಕ್ಕೆ ಹಿಡಿಯದೆ, ಮನುಷ್ಯ ಹಾದುಹೋಗುವ ಜಾಗವೇ ಎಂಬತ್ತನಾಲ್ಕು ಇಂಚು ಇರಬೇಕು. ಮಂಟಯ್ಯ ಒಂದು ತಿಂಗಳಿಂದ ಒಂದು ಲಾಡ್ಜಿನ ಅರವತ್ತು ಬಾಗಿಲು ಕುಯ್ಯುತ್ತಿದ್ದವನು, ಅವೆಲ್ಲ ಚೌಕಟ್ಟು ಸೇರಿಸಿದ ಅಳತೆಯವು. ನಾಲಿಗೆಗೆ ಅದೇ ಅಭ್ಯಾಸವಾಗಿತ್ತು. ಚೌಕಟ್ ಸೇರಿ ಎಂಬತ್ನಾಕಿಂಚು, ಎಂದು ತಿರುಗಿ ಕೂಗಿದ. ಪಾಷಾನ ಕೈಯಲ್ಲಿ ಫೋನಿತ್ತು. ಅವನೊಬ್ಬನೇ ಹೊಣೆ ಎಂದು ಬರೆದು, ಪೈಲಟ್ ಅಲ್ಲ ಎಂದು ಸೇರಿಸುತ್ತಿದ್ದ. ಹ್ಞೂ, ಎಂದ.

ಮೇಲಿನ ಪಟ್ಟಿಯೂ ಹೊಸ್ತಿಲೂ ಮೂರು ಮೂರು ಇಂಚು ತಿಂದು ಬಾಗಿಲು ಆರಿಂಚು ಗಿಡ್ಡವಾಯಿತು. ಗೊತ್ತಾದದ್ದು ಮಧ್ಯಾಹ್ನ, ಕರಿಯಪ್ಪನವರು ತಾವಾಗಿಯೇ ಮರ ನೋಡಿಕೊಂಡು ಹೋಗೋಣವೆಂದು ಬಂದಾಗ. ಅವರು ಟೇಪು ಹಿಡಿದು ಎರಡು ಸಲ ಅಳೆದರು ಅಷ್ಟೆ. ಆ ಎರಡನೆಯ ಸಲದ ಅಳತೆಯನ್ನು ಪಾಷಾನಿಗೆ ತಡೆದುಕೊಳ್ಳಲಾಗಲಿಲ್ಲ. ಎದುರಿನ ಟೀ ಅಂಗಡಿಯ ಪ್ರೇಮಮ್ಮ ಲೋಟ ತೊಳೆಯುವುದನ್ನು ಬಿಟ್ಟು ನೋಡುತ್ತಿದ್ದಳು, ಪಾಲಿಶ್ ಹಾಕುವ ಕುಳ್ಳಯ್ಯ ಬಟ್ಟೆ ಹಿಡಿದುಕೊಂಡೇ ನಿಂತಿದ್ದ, ರಸ್ತೆಯಲ್ಲಿ ಹೋಗುವವರೂ ನಿಂತರು. “ಇಪ್ಪತ್ತೆರಡು ವರ್ಷ ಆಯ್ತಲ್ಲೋ ಮಂಟಯ್ಯ, ಸೇರ್ಸೋದ್ಯಾವ್ದು ಬುಡೋದ್ಯಾವ್ದು ಅಂತ ಇನ್ನೂ ಗೊತ್ತಾಗಕಿಲ್ವಾ ನಿಂಗೆ? ಕತ್ತೆ ಮೇಯ್ಸಕ್ ಓಗು,” ಎಂದು ಪಾಷಾ ಕೂಗಿದ. ಕೂಗುವಾಗಲೇ ಒಳಗೆ ಒಂದು ಸಣ್ಣ ದನಿ ಹನ್ನೊಂದೂ ಇಪ್ಪತ್ತು, ಹನ್ನೊಂದೂ ಇಪ್ಪತ್ತು ಎನ್ನುತ್ತಿತ್ತು; ಅದನ್ನು ಅಡಗಿಸಲು ಇನ್ನಷ್ಟು ಜೋರಾಗಿ ಕೂಗಿದ. ಮಂಟಯ್ಯ ಪಾಷಾನ ಮುಖವನ್ನು ಒಂದು ಸಲ ನೋಡಿದ. ಆಮೇಲೆ ಕೈ ಒರೆಸಿಕೊಂಡು, ಶರಟು ಹಾಕಿಕೊಂಡು ಹೊರಟುಹೋದ. ಮಂಗಳವಾರ ಬರಲಿಲ್ಲ. ಬುಧವಾರ ಅವನು ಇನ್ನೆರಡು ಕಾರ್ಖಾನೆಗಳಲ್ಲಿ ಕೆಲಸ ಕೇಳಿದನೆಂದೂ, ಸಾಬ್ರ ಬಾಗ್ಲು ಕೆಡಿಸಿದೋನು ನೀನೇ ಅಲ್ವಾ ಎಂದು ಕಳಿಸಿಬಿಟ್ಟರೆಂದೂ ಕುಳ್ಳಯ್ಯ ಪಾಲಿಶ್ ಉಜ್ಜುತ್ತಾ ಮರಕ್ಕೆ ಹೇಳುವವನ ಹಾಗೆ ಹೇಳಿದ. ಹುಣಸೂರಿನ ಮರದ ಕೆಲಸದವರ ಬಾಯಲ್ಲಿ ಒಂದು ಹೆಸರು ಕೆಡಲು ಎರಡು ದಿನ ಸಾಕು.

ರುದ್ರಸ್ವಾಮಿಯ ಕಾರು ಮೂರಕ್ಕೆ ಸರಿಯಾಗಿ ಬಂತು. ಕರಿಯಪ್ಪನವರು ವಾಯುಸೇನೆಯಲ್ಲಿದ್ದವರೆಂದು ಪಾಷಾನಿಗೆ ಗೊತ್ತಿತ್ತು, ಆದರೆ ಟವರಿನಲ್ಲಿ ಕೂತು ವಿಮಾನ ಇಳಿಸುತ್ತಿದ್ದವರೆಂಬುದನ್ನು ಪತ್ತೆ ಮಾಡಿದವನು ರುದ್ರಸ್ವಾಮಿ. ಪತ್ತೆ ಮಾಡಿ, ಗುರುವಾರ ಗುಂಪಿನಲ್ಲಿ ಘೋಷಿಸಿ, ಎರಡೂ ಆಡ್-ಆನನ್ನು ಅವರ ಕಿವಿಗೆ ಕೇಳಿಸೋಣ, ಅವರು ಹೇಳಿದ್ದೇ ಕೊನೆ ಎಂದು ಬರೆದಿದ್ದ. ನೂರಾ ನಲವತ್ತು ಮಂದಿ ಹೆಬ್ಬೆರಳು ಎತ್ತಿದಮೇಲೆ ಪಾಷಾ ಹೇಗೆ ಇಲ್ಲವೆನ್ನುವುದು. ಬೇರೆಡೆ ಇಟ್ಟುಕೊಳ್ಳೋಣ ಎನ್ನಬಹುದಿತ್ತು. ಆದರೆ ಕಾಕ್‌ಪಿಟ್ ಇದ್ದದ್ದು ಇವನ ಹತ್ತಿರ, ಅದನ್ನು ತೋರಿಸುವ ಆಸೆಯೂ ಇತ್ತು, ಇದೆಂಥ ಆಸೆ ಎಂದು ತನ್ನ ಮೇಲೆಯೇ ಅಸಹ್ಯವೂ ಆಗಿತ್ತು. ಕರಿಯಪ್ಪನವರು ಒಳಗೆ ಬರುತ್ತಾ ಗೋಡೆಗೆ ಒರಗಿಸಿದ್ದ ಎರಡು ತುಂಡು ತೇಗದ ಮುಂದೆ ಒಂದು ಕ್ಷಣ ನಿಂತರು.

“ಇದ್ನ ಇತ್ಲು ಬಾಗ್ಲಿಗೆ ಆಕ್ಸಿ ಪಾಷಾ ಸಾಬ್ರೆ,” ಎಂದರು. “ಅಲ್ಲಿ ನಮ್ಮನೇರು ಓಡಾಡೋದು ಜಾಸ್ತಿ, ಅವ್ರು ಕುಳ್ಳು.”

“ಇನ್ನೊಂದು ಒಳ್ಳೇ ಮರ ನಾನೇ ಉಡುಕಿ ಕೊಡ್ತೀನಿ ಕರಿಯಪ್ಪನೋರೆ, ಎಷ್ಟಾದ್ರೂ ಆಗ್ಲಿ.”

“ಕೊಡೀರಂತೆ. ಅಪ್ಪ ನೆಟ್ಟಿದ್ದು ಇದೊಂದೇ. ಏನ್ ಮಾಡಕಾಯ್ತದೆ.” ಅವರು ಅದನ್ನು ಆಕ್ಷೇಪಣೆಯ ಹಾಗೆ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಪಾಷಾನಿಗೆ ಅನ್ನಿಸಿತು. ಸುತ್ತ ನೋಡಿ ಅವರೇ, “ಎಲ್ಲಿ ನಿಮ್ ಮಂಟಯ್ಯ?” ಎಂದು ಕೇಳಿದರು. ಇವತ್ತು ಶುಕ್ರವಾರ, ರಜ ಎಂದ ಪಾಷಾ. ಇದು ಸುಳ್ಳಲ್ಲ. ಆದರೆ ಸುಳ್ಳಲ್ಲದ ಈ ಮಾತನ್ನು ಹೇಳುವಾಗ ಅವನ ದನಿ ಸ್ಕೈಸಾಥಿಯ ದನಿಯಷ್ಟೇ ಹಿತವಾಗಿ ಬಂತು.

ಹಿಂದಿನ ಕೋಣೆಯಲ್ಲಿ ಕರಿಯಪ್ಪನವರನ್ನು ಸ್ಟೂಲಿನ ಮೇಲೆ ಕೂರಿಸಿ, ರುದ್ರಸ್ವಾಮಿ ಬಾಗಿಲ ಬಳಿ ಫೋನ್ ಹಿಡಿದು ಗುಂಪಿಗೆ ನೇರ ಪ್ರಸಾರ ಶುರು ಮಾಡಿದ. ಪಾಷಾ ಕಾಕ್‌ಪಿಟ್ಟಿಗೆ ಇಳಿದು ಬೆಲ್ಟು ಕಟ್ಟಿಕೊಂಡ. ಬೆಲ್ಟು ಯಾಕೆ ಎಂದು ಕರಿಯಪ್ಪನವರು ಕೇಳಲಿಲ್ಲ, ಕೇಳದ್ದಕ್ಕೆ ಪಾಷಾನ ಮನಸ್ಸು ಕೃತಜ್ಞವಾಯಿತು. ಮೊದಲು ಸ್ಕೈಸಾಥಿ. ಪರದೆಯಲ್ಲಿ ಕರಾವಳಿಯ ಸಂಜೆ, ಕೆಳಗೆ ಗದ್ದೆಗಳ ಹಾಗೆ ಕಾಣುವ ಹಸಿರು ಚೌಕಗಳು. ಮೂರು ಸಾವಿರ ಅಡಿಗೆ ಇಳಿಯಿರಿ ಎಂದು ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಹೇಳಿತು, ಮದುವೆಮನೆಯಲ್ಲಿ ಊಟಕ್ಕೆ ಏಳಿ ಎನ್ನುವ ಹಾಗೆ. ಪಾಷಾ ಬೇಕೆಂತಲೇ ಎರಡು ಸಾವಿರ ಎಂದು ತಿರುಗಿ ಹೇಳಿದ. ಧನ್ಯವಾದ ಕ್ಯಾಪ್ಟನ್, ನಿಮ್ಮ ಸಂಜೆ ಸುಂದರವಾಗಿರಲಿ ಎಂದಿತು ದನಿ. ವಿಮಾನ ಗುಡ್ಡದ ಕಡೆಗೆ ಇಳಿಯತೊಡಗಿತು. ದನಿ ಹವಾಮಾನದ ಬಗ್ಗೆ ಇನ್ನೂ ನಾಲ್ಕು ಒಳ್ಳೆಯ ಮಾತಾಡಿತು. ಗುಡ್ಡ ಬಂತು. ಪರದೆ ಕಪ್ಪಾಯಿತು.

“ಎಷ್ಟ್ ನ್ಯಾಚುರಲ್ಲಾಗಿ ಮಾತಾಡ್ತು ನೋಡಿ,” ಎಂದ ರುದ್ರಸ್ವಾಮಿ.

“ಸತ್ತೋದ್ವಲ್ಲ ಮೇಷ್ಟ್ರೆ,” ಎಂದ ಪಾಷಾ.

“ಅದು ಅಪ್‌ಡೇಟಲ್ಲಿ ಸರಿ ಓಯ್ತದೆ ಕಣ್ರೀ. ಕ್ವಾಲಿಟಿ ಬಗ್ಗೆ ಮಾತಾಡಿ.”

ಆಮೇಲೆ ರೋಜರ್‌ಡೆಸ್ಕ್. ಅದೇ ಸಂಜೆ, ಅದೇ ಗುಡ್ಡ. ಮೂರು ಸಾವಿರ ಅಡಿಗೆ ಇಳಿಯಿರಿ ಎಂದು ತಗಡಿನ ದನಿ ಹೇಳಿತು. ಎರಡು ಸಾವಿರ, ಎಂದ ಪಾಷಾ. ಅಲ್ಲ, ಎಂದಿತು ದನಿ. ಮೂರು ಸಾವಿರ. ಪಾಷಾ ಮತ್ತೆ ಎರಡು ಸಾವಿರ ಎಂದ. ಅಲ್ಲ, ಮೂರು ಸಾವಿರ. ಸಿಟ್ಟಿಲ್ಲ, ಬೇಸರವಿಲ್ಲ, ಕ್ಯಾಪ್ಟನ್ ಎನ್ನುವ ಮರ್ಯಾದೆಯೂ ಇಲ್ಲ. ಮೂರನೆಯ ಸಲ ಪಾಷಾ ಸರಿಯಾಗಿ ತಿರುಗಿ ಹೇಳಿದ. ವಿಮಾನ ಗುಡ್ಡದ ಮೇಲಿಂದ ದಾಟಿತು.

ಕರಿಯಪ್ಪನವರು ಸ್ಟೂಲನ್ನು ಕಾಕ್‌ಪಿಟ್ಟಿನ ಹತ್ತಿರಕ್ಕೆ ಎಳೆದುಕೊಂಡರು. “ಅಳೇದೇ ಸರಿ,” ಎಂದರು. “ಸವಿಯಾಗಿ ಮಾತಾಡೋದು ಯಾರಿಗ್ ಬೇಕು? ನೋಡಿ ಮೇಷ್ಟ್ರೆ, ಪೈಲಟ್ಟು ತಪ್ಪು ಏಳ್ತಾನೆ. ಎಂಥಾ ಪೈಲಟ್ಟೂ ಏಳ್ತಾನೆ. ಅವ್ನಿಗೆ ನೂರು ಕೆಲ್ಸ, ಸುಸ್ತಾಗಿರ್ತದೆ, ನಿನ್ನೆ ಏಳಿದ್ದೇ ನಾಲ್ಗೆ ಮೇಲೆ ಕೂತಿರ್ತದೆ. ಅದುನ್ನ ನಾವು ತಪ್ಪು ಅಂತ್ಲೇ ಎಣಿಸ್ತಿರ್ಲಿಲ್ಲ. ತಿರುಗ್ ಏಳ್ಸೋದೇ ಅದ್ಕೆ. ಕೇಳಿಸ್ಕೊಂಡು ಊಂ ಅಂದ್ಬುಟ್ರೆ ಮುಗೀತು, ಆಮ್ಯಾಕಿಂದೆಲ್ಲಾ ಊಂ ಅಂದೋನ್ದೇ. ಅಂಥೋನ್ನ ಆ ಕುರ್ಚಿಲಿ ಒಂದಿನಾನೂ ಕೂರಿಸ್ತಿರ್ಲಿಲ್ಲ.”

ಇವರಿಗೆ ಗೊತ್ತಿದೆ, ಎಂದುಕೊಂಡ ಪಾಷಾ. ಗೊತ್ತಿಲ್ಲದೆ ನಿನ್ನೆ ಹೇಳಿದ್ದೇ ನಾಲಿಗೆ ಮೇಲೆ ಎಂದು ಹೇಗೆ ಬಂತು? ಕರಿಯಪ್ಪನವರ ಮುಖ ನೋಡಿದ. ಅವರು ಚಕ್ರ ಇಳಿಸುವ ಹಿಡಿಕೆಯನ್ನು ಮುಟ್ಟಿ, ಕೆಲಸ ಚೆನ್ನಾಗಿದೆ ಎನ್ನುವ ಹಾಗೆ ತಲೆ ಆಡಿಸುತ್ತಿದ್ದರು. ಇಲ್ಲ, ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಅಳೆಯುತ್ತಿದ್ದಾರೆ, ಸೋಮವಾರ ಟೇಪು ಹಿಡಿದು ಅಳೆದ ಹಾಗೆ, ಎರಡನೆಯ ಸಲ. ರುದ್ರಸ್ವಾಮಿ ಮುಖ ಹುಳ್ಳಗೆ ಮಾಡಿಕೊಂಡು, “ಒಪ್ದೆ ಕಣ್ರೀ ಪಾಷಾ, ಒಪ್ದೆ. ನಿಮ್ ಹದಿನಾಲ್ಕನೇ ಪಾಯಿಂಟ್ ಗೆಲ್ತು,” ಎಂದ. ಫೋನು ಟಿಂಗುಟ್ಟಲು ಶುರುವಾಯಿತು. ಪಿರಿಯಾಪಟ್ಟಣದಿಂದ ಹೂಗುಚ್ಛ, ರಾವಂದೂರಿನಿಂದ ಕೈಮುಗಿದ ಚಿತ್ರ, ಅಂತರಸಂತೆಯಿಂದ ಸಾಲಾಗಿ ಹನ್ನೆರಡು ವಿಮಾನ. ಅಡ್ಮಿನ್ ಹದಿನಾಲ್ಕನೆಯ ಅಂಶವನ್ನು ಎಲ್ಲರೂ ನೋಡಲೆಂದು ಗುಂಪಿನ ನೆತ್ತಿಗೆ ಅಂಟಿಸಿದ. ಮೂರು ತಿಂಗಳಿನಿಂದ ಪಾಷಾ ಕಾದಿದ್ದ ಗಳಿಗೆ ಇದು. ಬೆಲ್ಟು ಬಿಚ್ಚುವುದು ಮರೆತು ಏಳಲು ಹೋಗಿ ಮತ್ತೆ ಕೂತ.

ಅವರು ಹೋದಮೇಲೆ ಒಬ್ಬನೇ ಆ ಕೋಣೆಯಲ್ಲಿದ್ದ. ಹೇಳಿಬಿಡಬೇಕು ಎನ್ನಿಸಿತು. ಹೇಳಬೇಕೆನ್ನಿಸಿದಾಗ ಕೈ ತಾನಾಗಿ ಹೋದದ್ದು ಫೋನಿನ ಕಡೆಗೆ. ಆರು ವರ್ಷದಿಂದ ಅವನ ಮಾತು ಸರಾಗವಾಗಿ ಹರಿಯುವ ಜಾಗ ಅದೊಂದೇ. ಬರೆದ. ನಾನು ಎಂದು ಶುರು ಮಾಡಿದ್ದನ್ನು ಅಳಿಸಿ, ‘ನನಗೆ ಪರಿಚಯದ ಒಬ್ಬ ಉಸ್ತಾದ್’ ಎಂದು ಬರೆದ. ಆ ಉಸ್ತಾದ್ ತಪ್ಪು ಅಳತೆಗೆ ಹ್ಞೂ ಎಂದದ್ದು, ಆಮೇಲೆ ಕೆಲಸಗಾರನನ್ನು ನಾಲ್ಕು ಜನರ ಮುಂದೆ ಬೈದದ್ದು, ಎಲ್ಲವನ್ನೂ ಬರೆದು ಹದಿನೈದನೆಯ ಅಂಶ ಎಂದು ಹಾಕಿದ. ನಮಾಜಿನಲ್ಲಿ ಹೊಳೆದಿದ್ದ ನಿಜವಾದ ಹದಿನೈದನೆಯ ಅಂಶ ಏನೆಂಬುದು ಅಷ್ಟರಲ್ಲಿ ಮರೆತೇಹೋಗಿತ್ತು. ಐದು ನಿಮಿಷದಲ್ಲಿ ನಲವತ್ತೊಂದು ಹೆಬ್ಬೆರಳು ಬಂದವು. ಎಂಥ ಸುಂದರ ಉದಾಹರಣೆ ಸರ್, ನೀವು ಪುಸ್ತಕ ಬರೆಯಬೇಕು, ಎಂದ ಮೆಡಿಕಲ್ ಸ್ಟೋರಿನವನು. ಸೋತ ಉರಿಯಲ್ಲಿದ್ದ ರುದ್ರಸ್ವಾಮಿ, ಆ ಉಸ್ತಾದನ ಕೈಯಿಂದ ಟೇಪು ಕಿತ್ತುಕೊಂಡು ಕತ್ತೆ ಮೇಯಿಸಲು ಕಳಿಸಬೇಕು ಎಂದು ಬರೆದ. ಅದಕ್ಕೆ ಐವತ್ತಾರು ಹೆಬ್ಬೆರಳು. ಪಾಷಾ ಎಲ್ಲವನ್ನೂ ಓದಿದ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಎದೆ ಹಗುರವಾಗಿತ್ತು. ಆಮೇಲೆ ಮೊದಲಿಗಿಂತ ಭಾರವಾಯಿತು, ಯಾಕೆಂದರೆ ಮಂಟಯ್ಯನ ಹತ್ತಿರ ಇರುವುದು ಬಟನ್ ಒತ್ತುವ ಫೋನು.

ಮನೆಗೆ ಹೋದರೆ ಖುರ್ಷೀದಾ ಸೊಪ್ಪು ಸೋಸುತ್ತಾ ಕೂತಿದ್ದಳು. ಮನೆಮಾತಾದ ಉರ್ದುವಿನಲ್ಲಿ, ತಲೆಯೆತ್ತದೆ, “ಅಜೀ, ಮಂಟಯ್ಯನ ಹೆಂಡ್ತಿ ತಿಮ್ಮಮ್ಮ ಬಂದಿದ್ದಳು,” ಎಂದಳು.

“ಏನಂತೆ?” ದನಿ ಸಹಜವಾಗಿರಲೆಂದು ಪಾಷಾ ಟೋಪಿಯನ್ನು ಗೂಟಕ್ಕೆ ಹಾಕುವ ನೆಪ ಮಾಡಿದ.

“ಏನೂ ಇಲ್ಲ. ಈ ಸೊಪ್ಪು ಕೊಟ್ಟಳು. ನಮ್ಮೋರು ಮಾಡಿದ ತಪ್ಪಿಗೆ ಸಾಬ್ರಿಗೆ ಕೆಟ್ಟ ಹೆಸರು ಬಂತು, ಬೇಜಾರು ಮಾಡ್ಕೊಬೇಡಿ ಅಂತ ಹೇಳಿ ಅಂದಳು. ನಾನೇ ಅವಳನ್ನ ಸಮಾಧಾನ ಮಾಡಿ ಕಳಿಸ್ದೆ, ಹೋಗ್ಲಿ ಬಿಡು, ನಮ್ಮೆಜಮಾನ್ರು ದೊಡ್ಡ ಮನಸ್ಸಿನೋರು ಅಂತ.”

ಪಾಷಾ ಟೋಪಿಯನ್ನು ಗೂಟದಿಂದ ತೆಗೆದು ಮತ್ತೆ ಹಾಕಿಕೊಂಡ. ಎಲ್ಲಿಗೆ ಎಂದು ಅವಳು ಕೇಳುವಷ್ಟರಲ್ಲಿ ಸ್ಕೂಟರ್ ಬೀದಿಯ ತಿರುವಿನಲ್ಲಿತ್ತು. ಮಂಟಯ್ಯನ ಹಳ್ಳಿ ನಾಲ್ಕು ಮೈಲಿ. ಇಪ್ಪತ್ತೆರಡು ವರ್ಷ ಅವನು ಈ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದ, ಪಾಷಾ ಹೋಗುತ್ತಿರುವುದು ಎರಡನೆಯ ಸಲ. ಮೊದಲ ಸಲ ಅವನ ಮಗಳ ಮದುವೆಗೆ, ಅದೂ ಹದಿನೈದು ನಿಮಿಷ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಂಬಾಕು ಬೇಯಿಸುವ ಗೂಡುಗಳು, ಜೋಳದ ಹೊಲ, ಒಂದು ಮುರಿದ ಸೇತುವೆ. ಒಂದೊಂದು ಫರ್ಲಾಂಗಿಗೆ ಒಂದೊಂದು ಪೀಠಿಕೆ ಹೊಳೆದು ಮುಂದಿನ ಫರ್ಲಾಂಗಿನಲ್ಲಿ ಸಣ್ಣತನವಾಗಿ ಕಂಡಿತು. ಕೊನೆಗೆ ಮಂಟಯ್ಯನ ಮನೆಯ ಅಂಗಳದಲ್ಲಿ ನಿಂತಾಗ ಒಂದು ಪೀಠಿಕೆಯೂ ಉಳಿದಿರಲಿಲ್ಲ. ಮಂಟಯ್ಯ ಯಾರದೋ ಮಂಚದ ಮುರಿದ ಕಾಲಿಗೆ ಬೆಣೆ ಹೊಡೆಯುತ್ತಾ ಕೂತಿದ್ದ. ಎದ್ದು ನಿಂತ. ಕೂರಿ ಸಾಬ್ರೆ, ಎಂದ.

“ನೀನು ಚೌಕಟ್ ಸೇರಿ ಅಂದಾಗ ನಾನು ಹ್ಞೂ ಅಂದೆ ಕಣಯ್ಯ,” ಎಂದ ಪಾಷಾ ನಿಂತುಕೊಂಡೇ. “ಫೋನ್ ನೋಡ್ತಿದ್ದೆ. ತಪ್ಪು ನಂದು. ಅದು ಅವತ್ತೇ ಗೊತ್ತಿತ್ತು ನಂಗೆ. ಗೊತ್ತಿದ್ದೇ ಬೈದೆ.”

ಮಂಟಯ್ಯ ಬೆಣೆಯನ್ನು ತಿರುಗಿಸಿ ನೋಡಿದ. “ನಂಗೂ ಗೊತ್ತಿತ್ತು,” ಎಂದ.

“ಏನು?”

“ನೀವು ಊಂ ಅಂದಾಗ್ಲೇ ಏನೋ ಎಡವಟ್ಟಾಯ್ತದಲ್ಲ ಅನ್ನುಸ್ತು. ಎಬ್ಬಾಗ್ಲಿಗೆ ಅಷ್ಟು ಗಿಡ್ಡ ಯಾರ್ ಇಡ್ತಾರೆ ಅಂತ. ಆದ್ರೆ ಉಸ್ತಾದ್ರು ಊಂ ಅಂದವ್ರೆ, ಇನ್ನೊಂದ್ಸಲ ಕೇಳಿದ್ರೆ ಅವ್ರ ಮಾತ್ಗೆ ಎದುರಾಡ್ದಂಗಾಯ್ತದೆ ಅಂತ ಕುಯ್ದೆ.”

“ಮತ್ತೆ ನಾನು ಬೈಯುವಾಗ ಯಾಕೋ ಬಾಯಿ ಬಿಡ್ಲಿಲ್ಲ?”

“ನೀವೇ ಏಳ್ತೀರಿ ಅಂತ ಕಾದೆ,” ಎಂದ ಮಂಟಯ್ಯ. “ಅವತ್ತು ಏಳ್ಲಿಲ್ಲ. ಮಾರ್ನೆ ದಿನ ಕಾದೆ. ಆಮ್ಯಾಕೆ ಕಾಯೋದ್ ಬುಟ್ಟೆ.”

ಇದರ ಬದಲು ಮಂಟಯ್ಯ ಬೈದಿದ್ದರೆ ಪಾಷಾ ನಿಂತೇ ಕೇಳಿಸಿಕೊಳ್ಳುತ್ತಿದ್ದ. ಮಂಚದ ಅಂಚಿಗೆ ಕೂತುಬಿಟ್ಟ, ಬೆಣೆ ಹೊಡೆಯದ ಆ ಕಾಲು ವಾಲಿತು, ಮಂಟಯ್ಯ ಅವನ ರಟ್ಟೆ ಹಿಡಿದು ಬೀಳದ ಹಾಗೆ ನಿಲ್ಲಿಸಿದ. ಹಾಗೆ ಹಿಡಿದುಕೊಂಡಿದ್ದಾಗ ಪಾಷಾನಿಗೆ ಅಳು ಬಂತು. ಐವತ್ತನಾಲ್ಕು ವರ್ಷದ ಗಂಡಸು, ಚೀಫ್ ಪೈಲಟ್, ಬೇರೆಯವರ ಅಂಗಳದಲ್ಲಿ. ನಾಳೆಯಿಂದ ಕೆಲಸಕ್ಕೆ ಬಾ, ನನ್ನನ್ನು ಕ್ಷಮಿಸು, ಎಂದ.

“ಬತ್ತೀನಿ,” ಎಂದ ಮಂಟಯ್ಯ. “ಆದ್ರೆ ಸಾಬ್ರೆ, ಬೈದಿದ್ದು ರೋಡ್ನಾಗೆ. ಇಲ್ಲಿ ಏಳಿದ್ರೆ ನಮ್ಮನೆ ಕೋಳಿಗಳು ಕೇಳಿಸ್ಕೊತವೆ. ಅವು ನಂಗೆ ಕೆಲ್ಸ ಕೊಡಕಿಲ್ಲ. ನಾಳಿಕ್ ಬೆಳಿಗ್ಗೆ ಕಾರ್ಖಾನೆ ಮುಂದೆ ಏಳ್ಬುಡಿ. ಕರಿಯಪ್ಪನೋರೂ ಇರ್ಲಿ.”

ಪಾಷಾ ಒಪ್ಪಿದ. ಒಪ್ಪಿ ಬಂದು ಊಟ ಮಾಡಲಿಲ್ಲ. ಅಂಗಳದಲ್ಲಿ ಹೇಳಿಯಾಯಿತಲ್ಲ, ಮಂಟಯ್ಯನಿಗೆ ತಲುಪಿತಲ್ಲ, ಮತ್ತೆ ರಸ್ತೆ ಯಾಕೆ ಎಂದು ಮನಸ್ಸು ಬೆಳಗಿನ ತನಕ ವಕಾಲತ್ತು ಮಾಡಿತು. ಕರಿಯಪ್ಪನವರಿಗೆ ಫೋನಿನಲ್ಲೇ ಹೇಳಬಹುದು, ಕುಳ್ಳಯ್ಯನಿಗೆ ಹೇಳಿದರೆ ಅವನು ಎಲ್ಲ ಕಾರ್ಖಾನೆಗೂ ಹಂಚುತ್ತಾನೆ, ಅಪ್ಪ ಇದ್ದಿದ್ದರೆ ಕೆಲಸಗಾರನ ಮುಂದೆ ಹೀಗೆ ತಲೆ ತಗ್ಗಿಸುತ್ತಿದ್ದರೇ. ಅಪ್ಪ ಮಗನ ಕೈಯಲ್ಲಿ ಫೋನು ನೋಡಿದ್ದರೆ ರೀಪು ತೆಗೆದುಕೊಳ್ಳುತ್ತಿದ್ದರು, ಅಷ್ಟು ಗೊತ್ತಿತ್ತು.

ಶನಿವಾರ ಒಂಬತ್ತೂವರೆಗೆ ಕಾರ್ಖಾನೆಯ ಮುಂದೆ ಎಲ್ಲರೂ ಇದ್ದರು. ಬೇಕೆಂದು ಸೇರಿಸಿದ್ದು ಕರಿಯಪ್ಪನವರೊಬ್ಬರನ್ನು, ಉಳಿದವರು ಹುಣಸೂರಿನ ಶನಿವಾರದ ಬೆಳಿಗ್ಗೆಯವರು. ಪ್ರೇಮಮ್ಮ ರಸ್ತೆಯ ಆಚೆ ಬದಿಯಲ್ಲಿ ಹಾಲು ಕಾಯಿಸುತ್ತಿದ್ದಳು, ಅವಳ ಬೆಂಚಿನ ಮೇಲೆ ಪಕ್ಕದ ಕಾರ್ಖಾನೆಗಳ ಐದಾರು ಮಂದಿ. ಬುಧವಾರ ಮಂಟಯ್ಯನನ್ನು ವಾಪಸು ಕಳಿಸಿದವರಲ್ಲಿ ಒಬ್ಬನೂ ಅಲ್ಲಿದ್ದ. ಮಂಟಯ್ಯ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದು ಪಾಷಾನ ಎದುರಿಗೆ ಮೂರು ಮಾರು ದೂರದಲ್ಲಿ ನಿಂತ. ಪಾಷಾ ಬಾಯಿ ತೆರೆದ. ಸೋಮವಾರ ಮಂಟಯ್ಯ ತಿರುಗಿ ಕೂಗಿದ್ದು ತಪ್ಪಿತ್ತು, ಹ್ಞೂ ಅಂದೋನು ನಾನು, ಬಾಗ್ಲು ಕೆಡಿಸಿದ್ದು ನಾನು, ಅವನನ್ನ ಸುಮ್‌ಸುಮ್ನೆ ಬೈದೆ, ಎಂದ. ಹೇಳುತ್ತಿದ್ದ ಹಾಗೆಯೇ ಮೈಸೂರು ಕಡೆಯಿಂದ ಒಂದು ಮರದ ಲಾರಿ ಹಾರನ್ ಹೊಡೆದುಕೊಂಡು ಹೋಯಿತು. ಧೂಳು ಇಳಿಯಿತು. ಮುಗಿಯಿತಲ್ಲ ಎಂದು ಪಾಷಾ ಟೋಪಿ ತೆಗೆದು ಬೆವರು ಒರೆಸಿಕೊಂಡ.

“ಲಾರಿ ಸದ್ದಿಗೆ ಕೇಳಿಸ್ಲಿಲ್ಲ ಸಾಬ್ರೆ,” ಎಂದ ಮಂಟಯ್ಯ. “ಇನ್ನೊಂದ್ಸಲ ಏಳಿ.”

ಪಾಷಾ ಅವನ ಮುಖ ನೋಡಿದ. ಆ ಮುಖದಲ್ಲಿ ಸೋಮವಾರ ಇದ್ದಷ್ಟೇ ಇತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕರಿಯಪ್ಪನವರು ನೆಲ ನೋಡುತ್ತಿದ್ದರು. ಬೆಂಚಿನ ಮೇಲಿದ್ದವರು ಲೋಟ ಕೆಳಗಿಟ್ಟರು. ಪಾಷಾ ಉಸಿರು ತೆಗೆದುಕೊಂಡು, ಸೋಮವಾರ ಬೈದಷ್ಟೇ ದೊಡ್ಡ ದನಿಯಲ್ಲಿ, ಒಂದು ಮಾತೂ ಬಿಡದೆ, ಎಲ್ಲವನ್ನೂ ಇನ್ನೊಂದು ಸಲ ಹೇಳಿದ. ಈ ಸಲ ದನಿ ಮಧ್ಯದಲ್ಲಿ ಒಡೆಯಿತು. ಅದನ್ನೂ ಎಲ್ಲರೂ ಕೇಳಿದರು.

“ಆಂ, ಈಗ್ ಕೇಳಿಸ್ತು,” ಎಂದು ಮಂಟಯ್ಯ ತಲೆ ಆಡಿಸಿ, ಶರಟು ಬಿಚ್ಚುತ್ತಾ ಕಾರ್ಖಾನೆಯ ಒಳಗೆ ಹೋದ. ಹಾಲು ಉಕ್ಕದಂತೆ ಪಾತ್ರೆ ಇಳಿಸುತ್ತಿದ್ದ ಪ್ರೇಮಮ್ಮ ರಸ್ತೆಯ ಆಚೆಯಿಂದ, “ನಂಗೇನೋ ಮೊದಲ್ನೇ ಸಲಾನೇ ಕೇಳಿಸ್ತಪ್ಪ,” ಎಂದಳು.